ಸಿಪ್ರಿಯನ್ ಪೊರ್ಬುಗಳೂ ಭಟ್ಟರ ಬಚ್ಚಲಿನ ನಾಗನೂ

‘ಮತ್ತೆ ಎಂತ ಮಾಡಿದ್ರು ಅವರು?’

‘ಎಂತ ಮಾಡುದು ಅಮ್ಮ, ಅಕ್ಕಿ ಮೂಟೆಯ ಮೇಲಿಂದಲೇ ವ್ಯಾಪಾರ ಮಾಡಿದ್ರು. ಉಡ ಕೆಳಗೆ ತಕ್ಕಡಿಯ ಹತ್ತಿರ ಮಲಗಿತ್ತು. ಅಹ್ಮದ್ ಬಾವ ಮಾಡಿನ ಹಂಚಿಗೆ ತಲೆ ತಾಗಿಸಿಕೊಂಡು ಮೇಲೆ. ನಾನು ಹೋಗುವಾಗ ಗಂಟೆ ಹನ್ನೊಂದು, ಅವರು ಬೆಳಿಗ್ಗೆ ಏಳರಿಂದ ಅಲ್ಲೇ ಅಂತೆ. ಚಾ ಸಹ ಮೇಲೆಯೇ ಹೋಗಿತ್ತು, ಹಗ್ಗದಲ್ಲಿ ಕಟ್ಟಿ.’

ವಾರಿಜಾಕ್ಷಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅರುವತ್ತು ದಾಟಿದ ಹೆಂಗಸು, ಹೊಸ್ತಿಲಿನ ಒಳಗೆ ಮಣೆ ಹಾಕಿ ಕುಳಿತಿದ್ದರು. ಹೊಸ್ತಿಲಿನ ಹೊರಗೆ, ಜಗಲಿಯ ಚಾಪೆಯ ಮೇಲೆ, ಖಾಕಿ ಚಡ್ಡಿ ತೊಟ್ಟ, ಮೂಳೆ ಮೂಳೆಯಾದ, ಐವತ್ತೊಂದು ವರ್ಷದ ಸಿಪ್ರಿಯನ್. ಅವನ ಕಾಲಬುಡದಲ್ಲಿ ಹಸಿರು ಬಣ್ಣದ ದೊಡ್ಡ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ಒಳಗೆ ಒಂದು ನಾಗರಹಾವು.

ಸಾವಿರದ ಒಂಬೈನೂರ ಅರುವತ್ತೊಂದನೆಯ ಇಸವಿ, ಶನಿವಾರ, ಬೆಳಿಗ್ಗೆ ಹತ್ತೂವರೆ, ಬಲ್ಮಠದ ಇಳಿಜಾರಿನಲ್ಲಿ ದೇವಸ್ಥಾನದ ಅರ್ಚಕ ಚಕ್ರಪಾಣಿ ಭಟ್ಟರ ಮನೆ. ವಾರಿಜಾಕ್ಷಿಯಮ್ಮ ಭಟ್ಟರ ತಾಯಿ. ಆ ಹೊತ್ತಿಗೆ ಇಡೀ ಮಂಗಳೂರಿನಲ್ಲಿ ಸಿಪ್ರಿಯನ್‌ನಷ್ಟು ಸಂತೋಷದಲ್ಲಿದ್ದ ಮನುಷ್ಯ ಇನ್ನೊಬ್ಬನಿರಲಿಕ್ಕಿಲ್ಲ. ಯಾಕೆಂದರೆ ಯಾರೋ ಅವನನ್ನು ಕುಳಿತುಕೊಳ್ಳಲು ಹೇಳಿದ್ದರು, ಅವನು ಕುಳಿತಿದ್ದ, ಕಾಫಿ ಬಂದಿತ್ತು, ಮತ್ತು ಆ ಕಾಫಿ ಮುಗಿದ ಮೇಲೂ ಯಾರೂ ಅವನನ್ನು ಏಳಿಸಿರಲಿಲ್ಲ.

ಅವನು ಮೇಲಿನ ಕಾಲೇಜಿನ ಝುವಾಲಜಿ ಲ್ಯಾಬಿನ ಅಟೆಂಡರ್. ಹದಿನೆಂಟನೆಯ ವಯಸ್ಸಿಗೆ ಬಾಟಲಿ ತೊಳೆಯಲಿಕ್ಕೆಂದು ಸೇರಿದವನು ಮೂವತ್ತಮೂರು ವರ್ಷಗಳಿಂದ ಬಾಟಲಿಗಳ ನಡುವೆಯೇ ಇದ್ದಾನೆ: ಫಾರ್ಮಲಿನ್‌ನಲ್ಲಿ ಮುಳುಗಿ ಬಿಳಿಚಿಕೊಂಡ ಕೊಳಕುಮಂಡಲ, ಎರಡು ತಲೆಯ ಕರು, ಗಾಜಿಗೆ ಮೂಗು ಒತ್ತಿ ನಿಂತ ಗೋಸುಂಬೆ. ಪ್ರಾಕ್ಟಿಕಲ್‌ಗೆ ಕಪ್ಪೆ ಹಿಡಿದು ತರುವವನೂ ಅವನೇ, ಜಿರಳೆ ಸಾಕುವವನೂ ಅವನೇ. ಸಂಬಂಧ ನೋಡಲು ಬಂದ ಮೊದಲನೆಯ ಹೆಣ್ಣಿನ ತಾಯಿ ಅವನು ಹತ್ತಿರ ಬಂದದ್ದೇ ಮೂಗಿಗೆ ಕರವಸ್ತ್ರ ಹಿಡಿದಳು. ಎರಡನೆಯ ಕಡೆಯವರು ಬರುವುದಾಗಿ ಹೇಳಿ ಬರಲಿಲ್ಲ. ಮೂರನೆಯದನ್ನು ಅವನೇ ಬೇಡವೆಂದ. ಅಣ್ಣ ಜೊಕಿಮ್ ಬೊಂಬಾಯಿಗೆ ಹೋಗಿ ಅಲ್ಲಿಯವನೇ ಆದ. ಈಗ ಮಟಿಲ್ಡಾಬಾಯಿ ಎಂಬವರ ಮನೆಯ ಹಿಂದಿನ ಬಾಡಿಗೆ ಕೋಣೆ, ಒಂದು ಮಂಚ, ಒಂದು ಸ್ಟವ್. ಇಗರ್ಜಿಯಲ್ಲಿ ಅವನು ಕೂರುವ ಬೆಂಚಿನಲ್ಲಿ ಪಕ್ಕದವರು ಒಂದಾಳು ಹಿಡಿಯುವಷ್ಟು ಜಾಗ ಬಿಟ್ಟು ಕೂರುತ್ತಿದ್ದರು. ಯಾರೂ ಬೇಕೆಂದು ಮಾಡಿದ್ದಲ್ಲ, ಪಾಪ. ಅಭ್ಯಾಸವಾಗಿ ಹೋಗಿತ್ತು. ಅವನಿಗಂತೂ ಆ ವಾಸನೆ ಎಂತದ್ದು ಎಂದೇ ಗೊತ್ತಿರಲಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆಯೇ ಫಾರ್ಮಲಿನ್ ಅವನ ಮೂಗನ್ನು ತಿಂದುಬಿಟ್ಟಿತ್ತು. ಮಲ್ಲಿಗೆಯಾಗಲಿ ಮೀನಾಗಲಿ, ಅವನಿಗೆ ಎಲ್ಲ ಬರೀ ಗಾಳಿ.

ಹಾಗಂತ ಊರಿಗೆ ಅವನು ಬೇಡವಾಗಿದ್ದನೇ? ಛೆ, ಎಲ್ಲಿಯ ಮಾತು. ಬಚ್ಚಲಿನಲ್ಲಿ ಹಾವು, ಜಂತಿಯಲ್ಲಿ ಕಣಜದ ಗೂಡು, ತೊಟ್ಟಿಲ ಕೆಳಗೆ ಚೇಳು, ಏನೇ ಬರಲಿ, ‘ಆ ಕಾಲೇಜಿನ ಪೊರ್ಬುವನ್ನು ಕರೀರಿ’ ಎಂದು ಜನ ಓಡಿ ಬರುತ್ತಿದ್ದರು. ಊರಿನ ತುಳುವರು ಕ್ರಿಸ್ತುವರನ್ನೆಲ್ಲ ಕರೆಯುವುದೇ ಹಾಗೆ. ಅವನು ಹೋಗಿ ಹಿಡಿಯುತ್ತಿದ್ದ, ಜನ ದಾರಿ ಬಿಡುತ್ತಿದ್ದರು, ಗೇಟು ದಾಟಿದ ಮೇಲೆ ಹಿಂದಿನಿಂದ ಬಾಗಿಲಿನ ಅಗುಳಿ ಬೀಳುತ್ತಿತ್ತು. ಊರಿನ ಅರ್ಧ ಮನೆಗಳ ಬಚ್ಚಲು, ಅಟ್ಟ, ಕಟ್ಟಿಗೆ ಕೊಟ್ಟಿಗೆ ಅವನಿಗೆ ಬಾಯಿಪಾಠ. ನೆಂಟರನ್ನು ಕೂರಿಸುವ ಚಾವಡಿ ಮಾತ್ರ ಒಂದನ್ನೂ ಒಳಗಿಂದ ಕಂಡಿರಲಿಲ್ಲ.

ಅದಕ್ಕೆ ಅವನು ತನ್ನಷ್ಟಕ್ಕೆ ಒಂದು ಸಂಗ್ರಹ ಮಾಡಿಟ್ಟಿದ್ದ, ಬಾಟಲಿಯಲ್ಲಿ ಅಲ್ಲ, ತಲೆಯಲ್ಲಿ. ಹುಳ ಕಂಡಾಗ ಯಾರು ಏನು ಮಾಡಿದರು ಎಂಬ ಸಂಗ್ರಹ! ಹಾವಿಗಿಂತ ಹಾವು ಕಂಡ ಮನುಷ್ಯನನ್ನು ನೋಡುವುದರಲ್ಲೇ ಅವನಿಗೆ ಹೆಚ್ಚು ರುಚಿ. ಚೇಳಿನ ಹತ್ತಿರ ‘ಸಾರಿ’ ಕೇಳಿದ ಬ್ಯಾಂಕು ಮ್ಯಾನೇಜರರ ಹೆಂಡತಿ. ಕಣಜದ ಗೂಡಿಗೆ ತೀರ್ಥ ಚಿಮುಕಿಸಲು ಹೋಗಿ ಒಂದು ವಾರ ಬಾತ ತುಟಿಯಲ್ಲಿ ಪೂಜೆ ಹೇಳಿದ ಪಾದ್ರಿ. ಓತಿಕೇತ ತಲೆಯ ಮೇಲೆ ಬಿದ್ದರೂ ಹಿಡಿದ ವಾಕ್ಯವನ್ನು ಪೂರ್ತಿ ಓದಿ, ಪುಸ್ತಕ ಮಡಚಿಟ್ಟು, ಆಮೇಲೆ ತಲೆ ತಿರುಗಿ ಬಿದ್ದ ಮೇಷ್ಟ್ರು. ಅರಚುವವರು ಬೇಗ ಸುಧಾರಿಸಿಕೊಳ್ಳುತ್ತಾರೆ, ಅರಚದವರ ಮೇಲೆ ಕಣ್ಣಿಡಬೇಕು. ಸುಮ್ಮನಿದ್ದವರು ಸಂಜೆ ಜ್ವರ ಬಂದು ಮಲಗುತ್ತಾರೆ. ಇದೆಲ್ಲ ಅವನಿಗೆ ಗೊತ್ತಿತ್ತು, ಹೇಳಲಿಕ್ಕೆ ಮಾತ್ರ ಒಬ್ಬರೂ ಇರಲಿಲ್ಲ.

ಹಾಗಿರುವಾಗ ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಭಟ್ಟರ ಮಗಳು ಮುಕ್ತಾ ಲ್ಯಾಬಿಗೆ ಓಡಿ ಬಂದಳು. ಅದೇ ಕಾಲೇಜಿನಲ್ಲಿ ಬಿಎಸ್ಸಿ ಎರಡನೆಯ ವರ್ಷ. ಏದುಸಿರು, ಒಂದೇ ಕಾಲಿನಲ್ಲಿ ಚಪ್ಪಲಿ.

‘ಸಿಪ್ರಿಯನ್ ಸರ್, ಬಚ್ಚಲಲ್ಲಿ ನಾಗರಹಾವು ಉಂಟು. ಅಪ್ಪ ಒಳಗೇ ಇದ್ದಾರೆ.’

ಸರ್! ಮೂವತ್ತಮೂರು ವರ್ಷದಲ್ಲಿ ಯಾರೂ ಅವನನ್ನು ಸರ್ ಎಂದಿರಲಿಲ್ಲ. ಗಾಬರಿಯಲ್ಲಿ ಹುಡುಗಿಯ ಬಾಯಿಂದ ಬಿದ್ದ ಮಾತು, ಅವಳಿಗೆ ಗೊತ್ತೂ ಆಗಿರಲಿಕ್ಕಿಲ್ಲ. ಅವನಿಗೆ ಮಾತ್ರ ಕಿವಿ ಬಿಸಿಯಾಯಿತು. ಕೊಕ್ಕೆಯ ಕೋಲು ಎತ್ತಿಕೊಂಡ, ಮೇಜಿನ ಮೇಲಿದ್ದ ಹಸಿರು ಡಬ್ಬಿ ಎತ್ತಿಕೊಂಡ, ಅವಳಿಗಿಂತ ಮುಂದೆ ಓಡಿದ.

ಬಚ್ಚಲಿನಲ್ಲಿ ಭಟ್ಟರು ಒದ್ದೆ ಪಂಚೆಯಲ್ಲಿ ಕೈಮುಗಿದು ನಿಂತಿದ್ದರು. ನೀರಿನ ಹಂಡೆಯ ಹಿಂದೆ, ಒಲೆಯ ಬೂದಿಯ ಕಾವಿನಲ್ಲಿ, ಸುರುಳಿಯಾಗಿ ಅದು. ಅರ್ಧ ಹೆಡೆ ಎತ್ತಿ ಭಟ್ಟರನ್ನೇ ನೋಡುತ್ತಿತ್ತು. ಭಟ್ಟರ ತುಟಿ ಅಲ್ಲಾಡುತ್ತಿತ್ತು, ಕಣ್ಣು ಅಲ್ಲಾಡುತ್ತಿರಲಿಲ್ಲ. ಹಾಗೆ ನಿಂತು ಅರ್ಧ ಗಂಟೆಯಾಗಿತ್ತಂತೆ. ಹೊರಗೆ ವಾರಿಜಾಕ್ಷಿಯಮ್ಮ ಬಾಗಿಲಿನ ಮರೆಯಿಂದ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, ಬಂದದ್ದಾಯಿತಲ್ಲ, ಇನ್ನು ಹೋಗಪ್ಪ, ಮಗ ಚಳಿಯಲ್ಲಿ ನಿಂತಿದ್ದಾನೆ ಎಂದು ಹಾವಿಗೆ ತಿಳಿಹೇಳುತ್ತಿದ್ದರು.

‘ಭಟ್ರೇ, ಮೆಲ್ಲ ಈಚೆ ಬನ್ನಿ,’ ಅಂದ ಸಿಪ್ರಿಯನ್.

‘ಬೆನ್ನು ಹಾಕ್ಬಾರ್ದು,’ ಎಂದರು ಭಟ್ಟರು, ತಲೆ ತಿರುಗಿಸದೆ.

‘ಬೆನ್ನು ಹಾಕುದು ಬೇಡ. ಹಿಂದೆ ಹಿಂದೆ ಬನ್ನಿ.’

ಹಿಡಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಮುಚ್ಚಳ ಹಾಕಿದ ಮೇಲೆ ಭಟ್ಟರು ಡಬ್ಬಿಯ ಎದುರು ಮತ್ತೊಮ್ಮೆ ಕೈಮುಗಿದು, ನಾಗನಿಗೆ ಏನೂ ಆಗಬಾರದು, ಜನ ಇಲ್ಲದ ಕಡೆ ಬಿಟ್ಟುಬಿಡಿ ಎಂದು ಕೇಳಿಕೊಂಡರು. ಅವರ ಮನೆತನದಲ್ಲಿ ನಾಗನೆಂದರೆ ಹಾವಲ್ಲ, ಹಿರಿಯರ ಹಾಗೆ. ಸಿಪ್ರಿಯನ್ ನಂತೂರಿನ ಗುಡ್ಡೆಯಲ್ಲಿ ಬಿಡುತ್ತೇನೆ ಎಂದ. ‘ಕೂದಲು ಕೊಂಕುದಿಲ್ಲ ಭಟ್ರೇ. ನನ್ನ ಮಾತು,’ ಎಂದ. ಭಟ್ಟರು ದೇವಸ್ಥಾನಕ್ಕೆ ಹೊತ್ತಾಯಿತೆಂದು ಹೊರಟರು, ಮುಕ್ತಾ ಕಾಲೇಜಿಗೆ ಹೊರಟಳು. ಅವನೂ ಹೊರಡಬೇಕು, ಅಷ್ಟರಲ್ಲಿ ವಾರಿಜಾಕ್ಷಿಯಮ್ಮ, ‘ಕೂತ್ಕೊಳ್ಳಿ ಪೊರ್ಬುಗಳೇ, ಕಾಫಿ ಕುಡಿದು ಹೋಗಿ’ ಎಂದರು.

ಹಾಗೆ ಕುಳಿತವನು ಕುಳಿತೇ ಇದ್ದ. ಕಾಫಿ ಕುಡಿದ, ಲೋಟವನ್ನು ತಾನೇ ತೊಳೆದು ಜಗಲಿಯ ಕಟ್ಟೆಯ ಮೇಲೆ ಕವುಚಿಟ್ಟ, ಆ ಕಾಲದಲ್ಲಿ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮತ್ತೆ ಬಂದು ಕುಳಿತ. ಅಮ್ಮ ಒಂದು ಕೇಳಿದರೆ ಅವನು ಹತ್ತು ಹೇಳಿದ. ಮ್ಯಾನೇಜರರ ಹೆಂಡತಿ ಆಯಿತು, ಪಾದ್ರಿ ಆಯಿತು, ಮೇಷ್ಟ್ರು ಆಯಿತು, ಅಹ್ಮದ್ ಬಾವ ಬಂದರಿನ ಗೋದಾಮಿನಲ್ಲಿ ಮೂಟೆ ಏರಿದ್ದೂ ಆಯಿತು. ಇಷ್ಟು ವರ್ಷ ತಲೆಯಲ್ಲಿ ಕೂಡಿಟ್ಟದ್ದೆಲ್ಲ ಒಡ್ಡು ಒಡೆದ ಹಾಗೆ ಹೊರಗೆ ಬಂತು. ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಗಂಡ ತೀರಿಹೋದ ಮೇಲೆ ಹೀಗೆ ನಕ್ಕದ್ದೇ ಇಲ್ಲ ಎಂದರು.

ನಡುವೆ ಒಮ್ಮೆ ಅವರು ಮೂಗು ಅರಳಿಸಿ, ‘ಎಂತದೋ ಸಿಹಿ ಸಿಹಿ ವಾಸನೆ ಬರ್ತದಲ್ಲ’ ಎಂದರು.

ಸಿಪ್ರಿಯನ್‌ಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ತನ್ನದೇ ವಾಸನೆ, ಲ್ಯಾಬಿನದ್ದು, ಇನ್ನೇನು ಅಗುಳಿ ಬೀಳುತ್ತದೆ ಅಂದುಕೊಂಡ. ಡಬ್ಬಿಯನ್ನೂ ಎತ್ತಿಕೊಂಡು ಒಂದು ಮೆಟ್ಟಿಲು ಕೆಳಗೆ ಇಳಿದು ಕೂತ. ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಅವನು ಹೊರಡುವಾಗ ಹನ್ನೊಂದು ಹೊಡೆದಿತ್ತು.

ನಂತೂರಿನವರೆಗೆ ನಡೆದೇ ಹೋದ. ದಾರಿಯಲ್ಲಿ ತನ್ನಷ್ಟಕ್ಕೇ ಒಂದೆರಡು ಸಲ ನಕ್ಕಿರಲೂಬಹುದು. ಆಗ ಅಲ್ಲಿ ಗೇರುಮರಗಳ ಗುಡ್ಡೆ, ಮುರಕಲ್ಲು, ಮುಳ್ಳು, ಆಗೊಮ್ಮೆ ಈಗೊಮ್ಮೆ ಒಂದು ಲಾರಿ. ಕಲ್ಲಿನ ಸಂದೊಂದನ್ನು ನೋಡಿ ಡಬ್ಬಿ ಇಳಿಸಿದ, ಮುಚ್ಚಳದ ಮೇಲೆ ಕೈಯಿಟ್ಟ. ಕೈಗೆ ನುಣ್ಣಗೆ ಹತ್ತಿತು.

ಮುಚ್ಚಳದಲ್ಲಿ ತೂತುಗಳಿರಲಿಲ್ಲ.

ಲ್ಯಾಬಿನಲ್ಲಿ ಒಂದೇ ತರದ ಎರಡು ಹಸಿರು ಡಬ್ಬಿಗಳಿದ್ದವು. ಒಂದರ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು, ಅದು ಜೀವ ಇರುವ ಹುಳಗಳಿಗೆ. ಇನ್ನೊಂದಕ್ಕೆ ಬಿಗಿ ಮುಚ್ಚಳ, ತಳದಲ್ಲಿ ತಂತಿಬಲೆ, ಬಲೆಯ ಕೆಳಗೆ ಕ್ಲೋರೋಫಾರಂ ಹಾಕಿದ ಹತ್ತಿ. ಅದು ಪ್ರಾಕ್ಟಿಕಲ್‌ನ ಕಪ್ಪೆಗಳ ಪ್ರಜ್ಞೆ ತಪ್ಪಿಸಲಿಕ್ಕೆ. ಆ ದಿನ ಬೆಳಿಗ್ಗೆ ಎಂಟೂವರೆಗೆ ಆ ಹತ್ತಿಯನ್ನು ಅವನೇ ಒದ್ದೆ ಮಾಡಿ ಡಬ್ಬಿಯನ್ನು ಮೇಜಿನ ಮೇಲಿಟ್ಟಿದ್ದ. ಮೂಗಿದ್ದ ಯಾರಿಗೇ ಆದರೂ ಮುಚ್ಚಳ ತೆಗೆದಾಗಲೇ ಗೊತ್ತಾಗುತ್ತಿತ್ತು. ಮೂಗಿದ್ದವರು ಹೇಳಿಯೂ ಹೇಳಿದ್ದರು, ಸಿಹಿ ವಾಸನೆ ಎಂದು. ಅವನು ಮೆಟ್ಟಿಲಿಳಿದು ಕೂತ!

ಮಿಸುಕದ ಹಾವನ್ನು ಕಲ್ಲಿನ ಮೇಲೆ ಬಿಡಿಸಿಟ್ಟ. ಬಾಲ ಹಿಡಿದು ಅಲ್ಲಾಡಿಸಿದ. ಗಾಳಿ ಬೀಸಿದ. ಒಂದು ಗಂಟೆ ಕೂತು ಕಾದ. ಇರುವೆಗಳು ಬಂದವು. ಆಗ ಎತ್ತಿ ಪುನಃ ಡಬ್ಬಿಗೆ ಹಾಕಿಕೊಂಡ. ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನೇರವಾಗಿ ಎದ್ದು ಬಂದಿದ್ದರೆ ಅದು ಬದುಕುತ್ತಿತ್ತೋ ಏನೋ. ಅವನು ಕತೆ ಹೇಳುತ್ತಾ ಇದ್ದ, ಅದು ಕಾಲಬುಡದಲ್ಲಿ ಕೊನೆಯುಸಿರು ಎಳೆಯುತ್ತಾ ಇತ್ತು.

ಮೂರು ಗಂಟೆಗೆ ಖಾಲಿ ಲ್ಯಾಬಿನಲ್ಲಿ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂತ. ಪ್ರೊಫೆಸರರು ಮೂರು ವರ್ಷದಿಂದ ಒಂದು ಒಳ್ಳೆಯ ನಾಗರಹಾವಿನ ಸ್ಪೆಸಿಮನ್ ಬೇಕೆಂದು ಹೇಳುತ್ತಲೇ ಇದ್ದರು. ಹಳೆಯದರ ಹೆಡೆಯ ಗುರುತು ಮಾಸಿ ಹೋಗಿತ್ತು. ಇದರದ್ದು ನಾಮ ಬಿಡಿಸಿದಷ್ಟು ಸ್ಪಷ್ಟ. ಬಾಟಲಿ ಉಂಟು, ಫಾರ್ಮಲಿನ್ ಉಂಟು. ಒಂದು ಲೇಬಲ್ ಬರೆದರೆ ಪ್ರೊಫೆಸರರು ಬೆನ್ನು ತಟ್ಟಿಯಾರು, ಭಟ್ಟರ ಮನೆಯವರಿಗೆ ಗೊತ್ತೂ ಆಗದು, ಮುಕ್ತಾಳಿಗೂ ಒಂದು ಹಾವಿಗೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದು. ಅವನು ಬಾಟಲಿ ಇಳಿಸಿದ, ಒರೆಸಿದ, ಬೆಳಕಿಗೆ ಹಿಡಿದ, ಪುನಃ ಮೇಲಿಟ್ಟ. ಆ ಜಗಲಿಯಲ್ಲಿ ಇನ್ನೊಮ್ಮೆ ಕೂತು ಕತೆ ಹೇಳುವಾಗ ಬಾಯಿ ತೆರೆಯುವುದು ಹೇಗೆ?

ಶನಿವಾರ ಸಂಜೆ ಇಗರ್ಜಿಯಲ್ಲಿ ಪಾಪನಿವೇದನೆಯ ಹೊತ್ತು. ಅವನು ಹೋಗಿ ಮೊಣಕಾಲೂರಿದ, ಜಾಲರಿಯ ಆಚೆ ಇದ್ದ ಪಾದ್ರಿಗೆ ಎಲ್ಲವನ್ನೂ ಹೇಳಿದ. ಪಾದ್ರಿ ಕೇಳಿ ಮುಗಿಸಿದರು, ಕೆಮ್ಮಿದರು.

‘ಹಾವು ಕೊಲ್ಲುದು ಪಾಪ ಅಲ್ಲ ಮಾರಾಯ. ಬೇರೆ ಎಂತ ಉಂಟು ಹೇಳು.’

ಬೇರೆ ಏನೂ ಇರಲಿಲ್ಲ. ಮಾತು ಕೊಟ್ಟಿದ್ದೆ ಎಂದ. ಬೇಕೆಂದು ಮುರಿದದ್ದಲ್ಲವಲ್ಲ, ಮೂರು ನಮೋ ಮರಿಯಾ ಹೇಳು ಎಂದರು ಪಾದ್ರಿ. ಹಿಂದೆ ಜನ ಸಾಲಾಗಿ ನಿಂತಿದ್ದರು. ಅವನು ಎದ್ದು ಹೊರಗೆ ಬಂದ. ಮೂರನ್ನೂ ಹೇಳಿದ, ಮೇಲೆ ಏಳೆಂಟು ತಾನೇ ಸೇರಿಸಿ ಹೇಳಿದ, ಎದೆಯ ಭಾರ ಒಂದು ತೂಕವೂ ಇಳಿಯಲಿಲ್ಲ. ತನ್ನ ಇಗರ್ಜಿಯಲ್ಲಿ ಇದು ಪಾಪವೇ ಅಲ್ಲ ಎಂದ ಮೇಲೆ ಅಲ್ಲಿ ಕ್ಷಮೆ ಸಿಗುವುದಾದರೂ ಹೇಗೆ. ಯಾರ ಮನೆಯಲ್ಲಿ ಅದು ಪಾಪವೋ ಆ ಮನೆಗೇ ಹೋಗಬೇಕು.

ಆದಿತ್ಯವಾರ ಪೂಜೆ ಮುಗಿದದ್ದೇ ಲ್ಯಾಬಿನಿಂದ ಡಬ್ಬಿ ತೆಗೆದುಕೊಂಡು ಇಳಿಜಾರು ಇಳಿದ. ಹಾವು ಕೆಟ್ಟಿತೋ ಇಲ್ಲವೋ ಅವನಿಗೆ ಗೊತ್ತಾಗುವಂತಿರಲಿಲ್ಲ. ದಾರಿಯಲ್ಲಿ ಎದುರಾದವರು ಸರಿದು ನಡೆದರು, ಅದು ಎಂದಿನದ್ದೋ ಹೊಸತೋ ಅದೂ ಗೊತ್ತಾಗಲಿಲ್ಲ. ಭಟ್ಟರು ದೇವಸ್ಥಾನದಿಂದ ಬಂದು ಜಗಲಿಯಲ್ಲಿ ಪೇಪರು ಓದುತ್ತಿದ್ದರು. ವಾರಿಜಾಕ್ಷಿಯಮ್ಮ ಅವನನ್ನು ಕಂಡು ಚಾಪೆ ತರಲು ಒಳಗೆ ಹೊರಟರು. ಅವನು ಬೇಡ ಎಂದ. ಅಂಗಳದಲ್ಲಿ ನಿಂತೇ, ತಪ್ಪಿದ್ದು ಎಲ್ಲಿ, ಡಬ್ಬಿ ಯಾವುದು, ಮೂಗು ಸತ್ತದ್ದು ಯಾವಾಗ, ಏನೂ ಬಿಡದೆ ಹೇಳಿದ. ಹೇಳುವಾಗ ಭಟ್ಟರ ಮುಖ ನೋಡಲಿಲ್ಲ, ಜಗಲಿಯ ಕಂಬ ನೋಡಿಕೊಂಡು ಹೇಳಿದ.

ಭಟ್ಟರು ಪೇಪರು ಮಡಚಿಟ್ಟು ಒಳಗೆ ಹೋದರು.

ಸಿಪ್ರಿಯನ್ ನಿಂತ. ಅರಚದವರ ಮೇಲೆ ಕಣ್ಣಿಡಬೇಕೆಂದು ತಿಳಿದವನು ಅವನು, ಆದರೆ ಇಲ್ಲಿ ನೋಡಲು ಬಾಗಿಲು ಮಾತ್ರ ಇತ್ತು. ಅಗುಳಿಯ ಸದ್ದಿಗೆ ಕಾದ. ವಾರಿಜಾಕ್ಷಿಯಮ್ಮ ಹೊಸ್ತಿಲ ಬಳಿಯಿಂದ ಅವನನ್ನೇ ನೋಡುತ್ತಿದ್ದರು.

‘ನೀವು ಹೇಳದಿದ್ರೆ ನಮಗೆ ಗೊತ್ತಾಗ್ತಿತ್ತಾ?’ ಎಂದರು.

‘ಇಲ್ಲ ಅಮ್ಮ.’

‘ಮತ್ತೆ ಯಾಕೆ ಹೇಳಿದ್ರಿ?’

‘ಹೇಳದಿದ್ರೆ ನನಗೆ ಮತ್ತೆ ಈ ಕಡೆ ಬರ್ಲಿಕ್ಕೆ ಆಗ್ತಿರ್ಲಿಲ್ಲ,’ ಎಂದ ಅವನು. ‘ಹೇಳಿದ ಮೇಲೆ ನೀವು ಬರ್ಬೇಡ ಅಂತ ಹೇಳ್ಬಹುದು. ಅದು ಬೇರೆ.’

ಅಷ್ಟರಲ್ಲಿ ಭಟ್ಟರು ಹೊರಗೆ ಬಂದರು. ಮಡಿ ಪಂಚೆ ಉಟ್ಟಿದ್ದರು, ಕೈಯಲ್ಲಿ ಬಿಳಿ ಬಟ್ಟೆಯ ತುಂಡು, ತುಪ್ಪದ ಗಿಂಡಿ, ಶ್ರೀಗಂಧದ ಎರಡು ಚಕ್ಕೆ. ನಾಗ ಸತ್ತರೆ ಮನುಷ್ಯರಿಗೆ ಮಾಡುವ ಹಾಗೆಯೇ ದಹನ ಆಗಬೇಕು, ಮಗನ ಸ್ಥಾನದಲ್ಲಿ ಒಬ್ಬ ನಿಲ್ಲಬೇಕು, ನಿಂತವನಿಗೆ ಮೂರು ದಿನ ಸೂತಕ. ಸೂತಕವಿದ್ದವನು ದೇವಸ್ಥಾನದ ಒಳಗೆ ಕಾಲಿಡುವಂತಿಲ್ಲ. ಆ ಮೂರು ದಿನದ ಪೂಜೆಯನ್ನು ಇನ್ನೊಬ್ಬರಿಗೆ ಬಿಡಬೇಕು. ಇದನ್ನೆಲ್ಲ ಭಟ್ಟರು ಸಿಪ್ರಿಯನ್‌ಗೆ ಹೇಳಲಿಲ್ಲ, ತಾಯಿಗೆ ಹೇಳಿದರು, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. ಅವನು ಸೂತಕ ನನಗೆ ಬರಬೇಕಾದ್ದಲ್ಲವಾ ಎಂದ. ಅದು ನಿಮಗೆ ತಾಗುವುದಿಲ್ಲ ಎಂದರು ಭಟ್ಟರು. ಕೋಪದಿಂದಲೂ ಅಲ್ಲ, ಸಮಾಧಾನದಿಂದಲೂ ಅಲ್ಲ, ಇದ್ದದ್ದನ್ನು ಹೇಳಿದ ಹಾಗೆ. ಒಂದು ಹಾವಿನ ಸಾವಿನಲ್ಲಿ ಸಹ ಅವನಿಗೆ ಪಾಲಿಲ್ಲ! ಪಾದ್ರಿಯೂ ಕೊಡಲಿಲ್ಲ, ಭಟ್ಟರೂ ಕೊಡಲಿಲ್ಲ. ಅವನು ತಲೆ ತಗ್ಗಿಸಿ ಡಬ್ಬಿಯನ್ನು ನೆಲದ ಮೇಲಿಟ್ಟು ಗೇಟಿನ ಕಡೆ ತಿರುಗಿದ.

‘ಎಲ್ಲಿಗೆ?’ ಎಂದರು ಭಟ್ಟರು. ‘ಕಟ್ಟಿಗೆ ಯಾರು ತರುದು?’

ಸಿಪ್ರಿಯನ್ ಕೊಟ್ಟಿಗೆಯಿಂದ ಮಾವಿನ ಕಟ್ಟಿಗೆ ಹೊತ್ತು ತಂದ, ಮೂರು ಸಲ. ಹಿತ್ತಲಿನ ಮೂಲೆಯಲ್ಲಿ ಭಟ್ಟರು ಅದನ್ನು ಒಟ್ಟಿದರು, ಬಟ್ಟೆಯಲ್ಲಿ ಸುತ್ತಿದ ನಾಗನನ್ನು ಮೇಲೆ ಮಲಗಿಸಿದರು, ಮಂತ್ರ ಹೇಳಿ ಬೆಂಕಿ ಕೊಟ್ಟರು. ಅವನು ಹತ್ತು ಮಾರು ಆಚೆ, ಬಾವಿಕಟ್ಟೆಯ ಹತ್ತಿರ ಟೋಪಿ ತೆಗೆದು ನಿಂತಿದ್ದ. ತನ್ನವರ ಸಾವಿನಲ್ಲಿ ನಿಲ್ಲುವ ಹಾಗೆಯೇ ನಿಂತ, ಬೇರೆ ರೀತಿ ಅವನಿಗೆ ಗೊತ್ತಿರಲಿಲ್ಲ. ಗಂಧದ ಹೊಗೆ ಅವನ ಕಡೆಗೇ ಬಂತು. ಅವನಿಗೆ ಕಣ್ಣು ಉರಿಯಿತು, ಅಷ್ಟೇ.

ಬೆಂಕಿ ತಗ್ಗಿದ ಮೇಲೆ ಭಟ್ಟರು ಬಾವಿಯಿಂದ ಸೇದಿ ಸೇದಿ ತಲೆಗೆ ಹೊಯ್ದುಕೊಂಡರು. ತಲೆ ಒರೆಸಿಕೊಳ್ಳುತ್ತಾ ಬಚ್ಚಲಿನ ಕಡೆ ನೋಡಿದರು.

‘ಅದು ಎಲ್ಲಿಂದ ಬಂದದ್ದು?’

‘ಮುರಕಲ್ಲಿನ ಗೋಡೆಯಲ್ಲಿ ಮೂರು ಬಿಲ ಉಂಟು. ಹಂಡೆಯ ಹಿಂದೆ ಎರಡು, ಒಲೆಯ ಬದಿಯಲ್ಲಿ ಒಂದು.’

‘ನನಗೆ ಒಂದೂ ಕಾಣ್ಲಿಲ್ಲ.’

‘ನಿಮಗೆ ನಿನ್ನೆ ಬೇರೆ ಎಂತ ಕಾಣ್ತಿತ್ತು ಭಟ್ರೇ,’ ಎಂದ ಸಿಪ್ರಿಯನ್. ಬಾಯಿ ತಪ್ಪಿ ಬಂದ ಮಾತು. ಹೇಳಿದ ಮೇಲೆ ಹೆದರಿದ. ವಾರಿಜಾಕ್ಷಿಯಮ್ಮನ ಸೆರಗು ಬಾಯಿಗೆ ಹೋಯಿತು. ಭಟ್ಟರು ನಗಲಿಲ್ಲ, ತಲೆ ಒರೆಸುವುದನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಮಾಡಿದರು. ಬಿಲ ಮುಚ್ಚದಿದ್ದರೆ ಇನ್ನೊಂದು ಬಂದೀತು ಎಂದರು. ಸುಣ್ಣ, ಹೊಯಿಗೆ ತರಿಸಿ ಇಡುತ್ತೇನೆ, ಎಲ್ಲಿ ಎಂದು ಗೊತ್ತಿರುವವರೇ ಬಂದು ಮುಚ್ಚಲಿ ಎಂದರು.

ಇವತ್ತೇ ಮುಚ್ಚುತ್ತೇನೆ ಎಂದು ಸಿಪ್ರಿಯನ್ ಹೊರಟ. ಇವತ್ತು ಆಗದು, ಸೂತಕದ ಮನೆ ಎಂದರು ಅಮ್ಮ. ಬರುವ ಶನಿವಾರಕ್ಕೆ ಎಲ್ಲ ಕಳೆದಿರುತ್ತದೆ, ಮುಕ್ತಾಳಿಗೂ ಅರ್ಧ ದಿನ ಕಾಲೇಜು.

‘ಹನ್ನೆರಡೂವರೆಗೆ ಬನ್ನಿ,’ ಎಂದರು. ‘ಊಟ ಮಾಡಿ ಬರ್ಬೇಡಿ.’

ಶನಿವಾರ ಲ್ಯಾಬು ಮುಚ್ಚುವಾಗ ಒಂದಾಗುತ್ತದೆ ಎಂದು ಸಿಪ್ರಿಯನ್ ಹೇಳಿದ, ಕಂಬ ನೋಡಿಕೊಂಡೇ.

‘ಹಾಗಾದ್ರೆ ಒಂದೂಕಾಲಕ್ಕೆ,’ ಎಂದರು ಅಮ್ಮ. ‘ಇವನು ಬೇಗ ಉಣ್ತಾನೆ. ನಾನು ಕಾಯ್ತೇನೆ.’